ಮಿಸೆಸ್ ಕಾರ್ಟರ್ ಅವರ ಟೊಳ್ಳು ಮರ

ಯಶವಂತಪುರದಿಂದ ಹೊರಟದ್ದು

ನಮ್ಮ ಅಬ್ಬಾ ಯಶವಂತಪುರದಲ್ಲಿ ಸೌದೆ ಡಿಪೋ ಇಟ್ಟಿದ್ದರು. ನಾನು ‘ಮರ ಕಡಿಯಬೇಡಿ’ ಎಂದು ಜನರಿಗೆ ಹೇಳಿ ಸಂಬಳ ತೆಗೆದುಕೊಳ್ಳುವ ಸರ್ಕಾರಿ ನೌಕರ. ಈ ಎರಡು ಮಾತನ್ನು ಒಟ್ಟಿಗೆ ಕೇಳಿದವರೆಲ್ಲ ನಗುತ್ತಾರೆ. ನೀವೂ ಒಮ್ಮೆ ನಕ್ಕುಬಿಡಿ, ಆಮೇಲೆ ಇಂಗ್ಲೆಂಡಿಗೆ ಹೋಗೋಣ.

ಆಗ ನಮ್ಮಲ್ಲಿ ಮರಗಳ ಕಾಯಿದೆ ಬಂದು ಇನ್ನೂ ಹೊಸತು. ನಿಮ್ಮದೇ ಕಾಂಪೌಂಡಿನಲ್ಲಿ, ನಿಮ್ಮ ಅಜ್ಜನೇ ನೆಟ್ಟ ಮರವಾದರೂ ಸರಿ, ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲ. ಆ ಅನುಮತಿ ಕೊಡುವ, ಅಂದರೆ ಬಹುಮಟ್ಟಿಗೆ ಕೊಡದೆ ಇರುವ ಕೆಲಸ ಹೆಬ್ಬಾಳದಿಂದ ಯಲಹಂಕದವರೆಗೆ ನನ್ನದು. ನನ್ನ ಮರ ಚೆನ್ನಾಗಿದೆ ಸಾರ್, ಒಂದು ಸಲ ಬಂದು ನೋಡಿ ಎಂದು ಕರೆದವರು ಒಬ್ಬರೂ ಇಲ್ಲ. ಬರುವವರೆಲ್ಲ ಕಡಿಯಬೇಕು ಎಂದೇ ಬರುತ್ತಿದ್ದರು. ಹೀಗಾಗಿ ಮರ ಉಳಿಸುವುದಕ್ಕೆಂದೇ ನೇಮಕವಾದ ನನಗೆ ಆರ್.ಟಿ. ನಗರದ ತುಂಬ ಬಿದ್ದ ಹೆಸರು ‘ಮರ ಕಡಿಯೋ ಸಾಹೇಬ್ರು’.

ಅಬ್ಬಾ ಮಾತ್ರ ನನ್ನ ಕೆಲಸವನ್ನು ಒಂದು ದಿನವೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. “ಅರೆ ಬೇಟಾ, ನಾನು ಮರ ಮಾರಿ ನಿನ್ನ ಓದಿಸ್ದೆ. ನೀನು ಮರ ಮುಟ್ಬೇಡಿ ಅನ್ನೋಕೆ ಸಂಬಳ ತಗೋತೀಯ. ನಮ್ಮಿಬ್ರಲ್ಲಿ ಒಬ್ಬ ದಡ್ಡ ಕಣೋ,” ಎನ್ನುತ್ತಿದ್ದರು. ಯಾರು ಎಂದು ಅವರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಅಂಥ ನನ್ನನ್ನು ಇಲಾಖೆ ಮರಗಳ ಆರೈಕೆಯ ಮೂರು ತಿಂಗಳ ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಿತು. ಹೆಂಡತಿ ಶಮೀಮ್‌ಗೆ ಸುದ್ದಿ ಹೇಳಿದರೆ, ಮರ ಹತ್ತುವುದನ್ನು ಕಲಿಯುವುದಕ್ಕೆ ವಿಮಾನ ಹತ್ತಬೇಕೇ ಎಂದು ಕೇಳಿದಳು. ಮದುವೆಯಾದ ಲಾಗಾಯ್ತು ನಾನು ಸೀಬೆ ಮರ ಹತ್ತಿದ್ದನ್ನೂ ಅವಳು ನೋಡಿರಲಿಲ್ಲ. ಆದರೂ ಒಂದು ಮಂಕಿ ಟೋಪಿ, ಎರಡು ಸ್ವೆಟರು, ತವರಿನವರ ಒಂದು ದಪ್ಪ ಶಾಲು ಹಾಕಿ ಪೆಟ್ಟಿಗೆ ಕಟ್ಟಿಕೊಟ್ಟಳು.

ಎಲೆಯಿಲ್ಲದ ಊರು

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದೆ ಬರಲಿರುವ ಟೊಮೇಟೊ ಯಜಮಾನರು ನನ್ನ ಮೇಲೆ ಕೇಸು ಹಾಕಿಯಾರು. ಲಂಡನ್ನಿನಿಂದ ರೈಲಿನಲ್ಲಿ ಹೋದರೆ ಸಿಗುವ, ಒಂದು ಹಳ್ಳ, ಒಂದು ಚರ್ಚು, ಬೇಕಾದಷ್ಟು ನಾಯಿಗಳಿರುವ ಸಣ್ಣ ಊರು ಎಂದುಕೊಳ್ಳಿ.

ನಾನು ಹೋಗಿ ಇಳಿದದ್ದು ಜನವರಿ ಕೊನೆಯಲ್ಲಿ. ರೈಲಿನ ಕಿಟಕಿಯಿಂದ ನೋಡುತ್ತೇನೆ, ಒಂದು ಮರದಲ್ಲೂ ಎಲೆಯಿಲ್ಲ. ಚಳಿಗಾಲದಲ್ಲಿ ಅಲ್ಲಿಯ ಮರಗಳು ಎಲೆ ಉದುರಿಸುತ್ತವೆ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಆದರೆ ಕಣ್ಣಿಗೆ ಅಭ್ಯಾಸ ಬೇಕಲ್ಲ. ನನ್ನೊಳಗಿನ ಆಫೀಸರ್ ಪ್ರತಿ ಮರಕ್ಕೂ ‘ಒಣಗಿದೆ, ಕಡಿಯಬಹುದು’ ಎಂದು ಬರೆಯುತ್ತ ಹೋದ. ಸ್ಟೇಷನ್ ಬರುವಷ್ಟರಲ್ಲಿ ಅರ್ಧ ಇಂಗ್ಲೆಂಡಿಗೆ ಅನುಮತಿ ಕೊಟ್ಟಾಗಿತ್ತು.

ನನಗೆ ಉಳಿಯಲು ಗೊತ್ತುಮಾಡಿದ್ದು ಮಿಸೆಸ್ ಕಾರ್ಟರ್ ಎಂಬ ಮುದುಕಿಯ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಹಂದಿ ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಮೊದಲ ವಾರ ಪೂರ್ತಿ ಬೇಯಿಸಿದ ಮೊಟ್ಟೆ ಕೊಟ್ಟರು. ರಾತ್ರಿ ಹಾಸಿಗೆಯಲ್ಲಿ ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ ಇಟ್ಟಿದ್ದರು. ಅದು ಕಾಲಿಗೆ ತಗುಲಿದಾಗ ಯಾವುದೋ ಪ್ರಾಣಿ ಎಂದುಕೊಂಡು ನಾನು ಹಾಸಿಗೆಯಿಂದ ಹಾರಿದ್ದನ್ನು ಅವರು ಮೂರು ತಿಂಗಳೂ ಹಾಲಿನವನಿಗೆ, ಅಂಚೆಯವನಿಗೆ, ಪಾದ್ರಿಗೆ ಹೇಳಿ ನಗುತ್ತಿದ್ದರು.

ಅವರ ಹಿತ್ತಲಿನ ಕೊನೆಯಲ್ಲಿ, ಹಳ್ಳದ ದಂಡೆಯ ಮೇಲೆ, ಒಂದು ವಿಲೋ ಮರವಿತ್ತು. ವಿಲೋ ಎಂದೊಡನೆ ನನಗೆ ಕ್ರಿಕೆಟ್ ಬ್ಯಾಟು ನೆನಪಾಗಿ ಬಹಳ ಗೌರವದಿಂದ ನೋಡಿದೆ. ಇದು ಬ್ಯಾಟಿಗೆ ಆಗುವ ಜಾತಿಯಲ್ಲ, ಅದರ ದಾಯಾದಿ ಎಂದು ತಿಳಿದು ಸ್ವಲ್ಪ ನಿರಾಸೆಯೂ ಆಯಿತು. ಬುಡ ಮೂರು ಜನ ತಬ್ಬಿದರೂ ಸಿಗದಷ್ಟು ದಪ್ಪ. ಮೇಲಿನ ಕೊಂಬೆಗಳು ತಮ್ಮ ಭಾರ ತಾವೇ ತಾಳಲಾರದೆ ಪಕ್ಕದ ಮನೆಯ ಕಡೆಗೆ ಬಾಗಿದ್ದವು.

ಪಕ್ಕದ ಮನೆಯವರು ಆ ಬೇಲಿಯ ಆಚೆಗೇ ಟೊಮೇಟೊ ಬೆಳೆಯಲು ಗಾಜಿನ ಮನೆ ಕಟ್ಟಿದ್ದರು. ಗಾಜಿನ ಮನೆ ಎಂದರೆ ಲಾಲ್‌ಬಾಗಿನದ್ದನ್ನು ಎಣಿಸಿಕೊಂಡು ಓಡಿಹೋಗಿ ನೋಡಿದೆ, ನಮ್ಮ ಆರ್.ಟಿ. ನಗರದ ಮನೆಯ ಬಚ್ಚಲಿಗಿಂತ ಸ್ವಲ್ಪ ದೊಡ್ಡದು. ಆದರೆ ಅವರ ಪ್ರಾಣವೆಲ್ಲ ಅದರಲ್ಲಿತ್ತು. ವಿಲೋ ಬಿದ್ದರೆ ತಮ್ಮ ಟೊಮೇಟೊ ಗತಿ ಏನು ಎಂದು ಅವರು ಮರವನ್ನು ಬುಡಸಮೇತ ತೆಗೆಸಬೇಕೆಂದು ಊರಿನ ಕೌನ್ಸಿಲಿಗೆ ಅರ್ಜಿ ಹಾಕಿದ್ದರು. ಆ ಮರದ ಮೇಲೆ ಕೌನ್ಸಿಲಿನದೇ ರಕ್ಷಣೆಯ ಆಜ್ಞೆಯಿತ್ತು. ಆ ಆಜ್ಞೆಯನ್ನು ತೆಗೆಯುವುದೋ ಬಿಡುವುದೋ ನೋಡಲು ಒಂದು ಕಮಿಟಿ ಬರುವುದಿತ್ತು.

ಮಿಸೆಸ್ ಕಾರ್ಟರ್ ಇದನ್ನೆಲ್ಲ ನನಗೆ ಅಡುಗೆ ಮನೆಯ ಕಿಟಕಿಯ ಹತ್ತಿರ ನಿಂತು ಹೇಳಿದರು. ಗಂಡ ಹೋದ ಮೇಲೆ ಬೆಳಿಗ್ಗೆ ಎದ್ದು ತಾವು ಮೊದಲು ನೋಡುವ ಮುಖ ಅದರದ್ದೇ ಎಂದರು. ಯಾರ ಮುಖ ನೋಡಿ ಎದ್ದೆನೋ ಎಂದು ನಾವು ಬೈದುಕೊಳ್ಳುತ್ತೇವಲ್ಲ, ಆ ನಂಬಿಕೆ ಅಲ್ಲೂ ಇದೆಯೇ ಎಂದು ನನಗೆ ಖುಷಿಯಾಯಿತು. ಆಮೇಲೆ ಅವರು ನನ್ನ ಕೈ ಹಿಡಿದು, “ನೀವು ಮರದ ಡಾಕ್ಟರು. ಕಮಿಟಿಯವರಿಗೆ ಹೇಳಿ ಅದನ್ನು ಉಳಿಸಿಕೊಡಿ,” ಎಂದರು. ಮರ ಕಡಿಯೋ ಸಾಹೇಬ್ರನ್ನು ಯಾರೂ ಅಲ್ಲಿಯವರೆಗೆ ಡಾಕ್ಟರು ಎಂದು ಕರೆದಿರಲಿಲ್ಲ. ಖಂಡಿತ ಎಂದು ಮಾತು ಕೊಟ್ಟೆ.

ಹಗ್ಗದ ಪಾಠ

ನನಗೆ ಪಾಠ ಹೇಳುವವನು ಅಲನ್, ಆ ಕೌನ್ಸಿಲಿನ ಮರಗಳ ಅಧಿಕಾರಿ. ನನಗಿಂತ ಚಿಕ್ಕವನು, ಗಡ್ಡ ಬಿಟ್ಟಿದ್ದ, ನಗುವುದು ಕಡಿಮೆ. ನಮ್ಮ ಕಡೆ ಕೊಂಬೆ ಸವರುವವರು ಸೊಂಟಕ್ಕೊಂದು ಮಚ್ಚು ಸಿಕ್ಕಿಸಿ, ಬಿಸ್ಮಿಲ್ಲಾ ಎಂದೋ ಆಂಜನೇಯಾ ಎಂದೋ ಬರಿಗಾಲಲ್ಲಿ ಹತ್ತಿಬಿಡುತ್ತಾರೆ. ಇಲ್ಲಿ ಹೆಲ್ಮೆಟ್ಟು, ಕೈಗವಸು, ಬೂಟು, ಸೊಂಟಕ್ಕೂ ತೊಡೆಗೂ ಪಟ್ಟಿ, ಆ ಪಟ್ಟಿಗೆ ಹಗ್ಗ. ಮಂಕಿ ಟೋಪಿಯ ಮೇಲೆ ಹೆಲ್ಮೆಟ್ ಹಾಕಿಕೊಂಡು ಬಂದ ನನ್ನನ್ನು ನೋಡಿ ಅಲನ್ ಮೊದಲ ಸಲ ನಕ್ಕ.

ಅವನು ಕಲಿಸಿದ ಗಂಟನ್ನು ನಾನು ಸರಿಯಾಗಿಯೇ ಹಾಕಿದೆ. ಆದರೆ ಪಟ್ಟಿಯನ್ನು ಹೊಟ್ಟೆಯ ಮೇಲೆ ಬಿಗಿಯುವ ಬದಲು ಕೆಳಗೆ ಬಿಗಿದೆ. ನನ್ನ ಹೊಟ್ಟೆಯ ಹಿಂದೆ ವರ್ಷಗಟ್ಟಲೆ ಬಿರಿಯಾನಿಯ ಪರಿಶ್ರಮವಿದೆ. ನೆಲ ಬಿಟ್ಟು ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಅದು ತನ್ನ ತೂಕ ತೋರಿಸಿ, ನಾನು ತಲೆಕೆಳಗಾಗಿ, ಬಕ್ರೀದ್ ದಿನದ ಕುರಿಯ ಹಾಗೆ ನೇತಾಡಿದೆ. ಕೆಳಗೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ, ಇವತ್ತು ಬಿಸಿಲು ಚೆನ್ನಾಗಿದೆ ಅಲ್ಲವೇ ಎಂದು ಕೇಳಿ ಹೋದರು. ನಮ್ಮಲ್ಲಾಗಿದ್ದರೆ ಇಡೀ ಬೀದಿ ಸೇರಿ ಸಲಹೆ ಕೊಡುತ್ತಿತ್ತು.

ಅಲನ್‌ಗೆ ಒಂದು ಸಿದ್ಧಾಂತವಿತ್ತು. ಒಣಗಿದ ಕೊಂಬೆ ತೆಗೆಯಬಹುದು, ಒಂದಕ್ಕೊಂದು ಉಜ್ಜಾಡುವ ಕೊಂಬೆ ತೆಗೆಯಬಹುದು, ಆದರೆ ಮರದ ತಲೆ ಮಾತ್ರ ಕಡಿಯಬಾರದು. ಹಾಗೆ ಬೋಳಿಸುವವರನ್ನು ಅವನು ಕಟುಕರು ಎನ್ನುತ್ತಿದ್ದ. ಅವನ ಅಪ್ಪನ ಕಾಲದಲ್ಲಿ ಈ ಕೆಲಸದವರನ್ನು ಜನ ಹಿಂಬಾಗಿಲಲ್ಲಿ ನಿಲ್ಲಿಸಿ ಮಾತಾಡುತ್ತಿದ್ದರಂತೆ. ಈಗ ಪರೀಕ್ಷೆ ಬಂದಿದೆ, ಸಂಘ ಬಂದಿದೆ, ಜನ ಕೂರಿಸಿ ಟೀ ಕೊಡುತ್ತಾರೆ. ಒಬ್ಬ ಒಂದು ಮರ ಬೋಳಿಸಿದರೂ ಎಲ್ಲರ ಮರ್ಯಾದೆ ಹೋಗುತ್ತದೆ ಎಂದು ಅವನ ಆತಂಕ. ನನಗೆ ಅದು ಚೆನ್ನಾಗಿ ಅರ್ಥವಾಯಿತು. ನನ್ನ ಆಫೀಸಿನಲ್ಲೂ ನನಗೆ ಕುರ್ಚಿ ಸಿಕ್ಕಿದ್ದು ತಡವಾಗಿಯೇ.

ಕಮಿಟಿ ಬಂದ ದಿನ

ಕಮಿಟಿ ಬರುವ ಮೊದಲು ಅಲನ್ ನನಗೆ ಹಳೆಯ ಅರ್ಜಿಗಳನ್ನು ಓದಲು ಕೊಟ್ಟ. ಓದುತ್ತ ಓದುತ್ತ ನನಗೆ ಮನೆಯ ನೆನಪು ಉಕ್ಕಿ ಬಂತು. ಎಲೆ ಬಿದ್ದು ಚರಂಡಿ ಕಟ್ಟುತ್ತದೆ, ಬೇರು ಪಾಯಕ್ಕೆ ಬರುತ್ತದೆ, ಹಕ್ಕಿ ಕಾರಿನ ಮೇಲೆ ಹಿಕ್ಕೆ ಹಾಕುತ್ತದೆ, ಟೀವಿ ಸರಿಯಾಗಿ ಬರುವುದಿಲ್ಲ. ಎಲ್ಲ ನನ್ನ ಆರ್.ಟಿ. ನಗರದ ಅರ್ಜಿಗಳೇ, ಇಂಗ್ಲಿಷ್ ಮಾತ್ರ ಸ್ವಲ್ಪ ಚೆನ್ನಾಗಿತ್ತು. ಹುಣಸೆ ಮರದಲ್ಲಿ ದೆವ್ವ ಇದೆ ಎಂಬ ಅರ್ಜಿ ಒಂದೂ ಇರಲಿಲ್ಲ, ಅಷ್ಟೇ ಕೊರತೆ.

ಆ ದಿನ ಕಮಿಟಿಯವರು ಮೊಣಕಾಲುದ್ದ ರಬ್ಬರ್ ಬೂಟು ಹಾಕಿಕೊಂಡು ಬಂದು, ಮರದ ಸುತ್ತ ನಿಂತು, ಮೊದಲು ಹವಾಮಾನದ ಬಗ್ಗೆ ಚರ್ಚಿಸಿದರು. ಟೊಮೇಟೊ ಯಜಮಾನರು ಬೇಲಿಯ ಮೇಲೆ ಮೊಣಕೈಯೂರಿ ನಿಂತಿದ್ದರು. ಮಿಸೆಸ್ ಕಾರ್ಟರ್ ತಮ್ಮ ಒಳ್ಳೆಯ ಕೋಟು ಹಾಕಿಕೊಂಡು, ಎಲ್ಲರಿಗೂ ಬಿಸ್ಕತ್ತು ಕೊಟ್ಟು, ಇವರು ಇಂಡಿಯಾದಿಂದ ಬಂದ ಮರದ ಡಾಕ್ಟರು ಎಂದು ನನ್ನನ್ನು ತೋರಿಸಿದರು. ಕಮಿಟಿಯ ಅಧ್ಯಕ್ಷರು ಬಹಳ ವಿನಯದಿಂದ, ಈ ಮರದ ಬಗ್ಗೆ ನಿಮ್ಮ ಅಂದಾಜು ಏನು ಎಂದು ನನ್ನನ್ನು ಕೇಳಿದರು.

ಅಂದಾಜು ಎಂಬ ಮಾತು ಕೇಳಿದೊಡನೆ ನನ್ನ ಡಿಗ್ರಿ, ಕಾಯಿದೆ, ಸಿದ್ಧಾಂತ ಎಲ್ಲ ಎಲ್ಲಿ ಹೋದವೋ. ಚಿಕ್ಕಂದಿನಲ್ಲಿ ಅಬ್ಬಾ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಣಿಸಂದ್ರ, ಯಲಹಂಕದ ಕಡೆ ಮರ ಕೊಳ್ಳಲು ಹೋಗುತ್ತಿದ್ದರು. ನಿಂತ ಮರದ ಸುತ್ತ ಒಂದು ಸುತ್ತು, ಬುಡಕ್ಕೆ ಬೆರಳ ಗೆಣ್ಣಿನಿಂದ ಎರಡು ಕುಟ್ಟು, ಕಣ್ಣು ಮುಚ್ಚಿ ಒಂದು ಕ್ಷಣ, ಆಮೇಲೆ ಎಷ್ಟು ಗಾಡಿ ಸೌದೆ ಎಂದು ಅಂದಾಜು ಹೇಳಬೇಕು. ನಾನು ಇಂಗ್ಲೆಂಡಿನ ಕಮಿಟಿಯ ಮುಂದೆ ಅದನ್ನೇ ಮಾಡಿದೆ. ಒಂದು ಸುತ್ತು ಹಾಕಿದೆ, ಕುಟ್ಟಿದೆ, ಕಣ್ಣು ಮುಚ್ಚಿದೆ. “ಒಳಗೆ ಪೂರ್ತಿ ಟೊಳ್ಳು,” ಎಂದೆ. “ನೋಡೋಕೆ ದೊಡ್ಡದು, ತೂಕ ಬರಲ್ಲ. ಎರಡು ಗಾಡಿ ಆದರೆ ಹೆಚ್ಚು. ಅದೂ ಬರೀ ಹೊಗೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಣ್ಣು ಬಿಟ್ಟಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಟೊಮೇಟೊ ಯಜಮಾನರು ಬೇಲಿಯ ಮೇಲಿಂದ, ಕೇಳಿದಿರಾ, ಟೊಳ್ಳಂತೆ ಎಂದರು. ಅಲನ್ ಮರದ ಸುತ್ತಿಗೆ ತಂದು ತಾನೂ ಕುಟ್ಟಿದ. ಡೊಳ್ಳು ಬಾರಿಸಿದಂತೆ ಕೇಳಿತು. ಟೊಳ್ಳು ಮರವನ್ನು ಮನೆಗಳ ನಡುವೆ ಬಿಡುವುದು ಕಷ್ಟ, ಮುಂದಿನ ಸಭೆಯಲ್ಲಿ ಆಜ್ಞೆ ತೆಗೆಯಬೇಕಾದೀತು ಎಂದು ಅಧ್ಯಕ್ಷರು ಬೇಸರದಿಂದಲೇ ಹೇಳಿ ಹೋದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಉಳಿಸಿಕೊಡುತ್ತೇನೆ ಎಂದು ಮಾತು ಕೊಟ್ಟವನೇ ಮರಕ್ಕೆ ಮರಣಶಾಸನ ಬರೆದಿದ್ದೆ.

ಪುಡ್ಡಿಂಗ್ ಇಲ್ಲದ ಊಟ

ನಮ್ಮ ಅಮ್ಮೀಗೆ ಸಿಟ್ಟು ಬಂದರೆ ಪಾತ್ರೆಗಳು ಮಾತಾಡುತ್ತವೆ. ಶಮೀಮ್‌ಗೆ ಬಂದರೆ ಶಮೀಮೇ ಮಾತಾಡುತ್ತಾಳೆ. ಮಿಸೆಸ್ ಕಾರ್ಟರ್ ಅಂದು ಎಂದಿನಂತೆ ಊಟ ಬಡಿಸಿದರು, ಆಲೂಗಡ್ಡೆ ಇನ್ನೊಂದು ಬೇಕೇ ಎಂದೂ ಕೇಳಿದರು. ಆದರೆ ದಿನಾ ಊಟದ ಕೊನೆಗೆ ಕೊಡುತ್ತಿದ್ದ ಸಿಹಿ, ಆ ಪುಡ್ಡಿಂಗ್, ಕೊಡಲಿಲ್ಲ. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನನ್ನ ತಟ್ಟೆ ನಾನೇ ತೊಳೆದಿಟ್ಟು ಎದ್ದು ಹೋದೆ.

ಮರುದಿನ ಅಲನ್ ಜೊತೆ ಮತ್ತೆ ಆ ಮರಕ್ಕೆ ಹೋದೆ. ಪಟ್ಟಿ ಈ ಸಲ ಸರಿಯಾಗಿ ಕಟ್ಟಿಕೊಂಡು ನಾನೇ ಹತ್ತಿದೆ. ಕೊಂಬೆಗಳು ಕವಲೊಡೆಯುವ ಜಾಗಕ್ಕೆ ಹೋಗಿ ನೋಡಿದರೆ ಒಂದು ವಿಚಿತ್ರ. ದಪ್ಪ ಕೊಂಬೆಗಳೆಲ್ಲ ಒಂದೇ ಎತ್ತರದಿಂದ ಹೊರಟಿವೆ. ಹೊರಟ ಕಡೆ ಮುಷ್ಟಿ ಕಟ್ಟಿದ ಹಾಗೆ ಗಂಟು ಗಂಟು. ಇದನ್ನು ನಾನು ಎಲ್ಲಿ ನೋಡಿದ್ದೇನೆ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಹೆಸರಘಟ್ಟದ ಕಡೆ ಬದುಗಳ ಮೇಲಿನ ಹೊಂಗೆ ಮರಗಳು ಹೀಗೇ ಇರುತ್ತವೆ. ರೈತರು ಗದ್ದೆಗೆ ಸೊಪ್ಪು ಬೇಕೆಂದು ಅವುಗಳ ತಲೆ ಬೋಳಿಸುತ್ತಲೇ ಇರುತ್ತಾರೆ, ಅವು ಅದೇ ಗಂಟಿನಿಂದ ಚಿಗುರುತ್ತಲೇ ಇರುತ್ತವೆ. ಒಳಗೆ ಟೊಳ್ಳಾಗಿ ಪೊಟರೆಯಲ್ಲಿ ಗಿಳಿ ಸಂಸಾರ ಹೂಡಿದ್ದರೂ ಸಾಯುವುದಿಲ್ಲ. ಈ ವಿಲೋವನ್ನೂ ಯಾರೋ ತಲೆಮಾರುಗಳ ಕಾಲ ಬೋಳಿಸಿದ್ದಾರೆ, ಆಮೇಲೆ ನಿಲ್ಲಿಸಿದ್ದಾರೆ. ತಲೆಭಾರ ಹೆಚ್ಚಾಗಿ ಈಗ ಬಾಗುತ್ತಿದೆ.

ಇಳಿದು ಬಂದು ಅಲನ್‌ಗೆ ಹೇಳಿದೆ, ತಲೆ ಕಡಿ, ಮರ ಉಳಿಯುತ್ತದೆ. ಅವನ ಮುಖ ಗಂಟಾಯಿತು. ಇಷ್ಟು ದಿನ ಊರಿಗೆಲ್ಲ ಬೇಡ ಎಂದು ಹೇಳಿದವನು ತಾನೇ ಹೋಗಿ ಮಾಡಿದರೆ ಸಂಘದವರು ಏನನ್ನುತ್ತಾರೆ ಎಂದ. ನನಗೆ ವಾದ ಮಾಡಲು ಬರುವುದಿಲ್ಲ, ಅಷ್ಟು ಇಂಗ್ಲಿಷೂ ಇರಲಿಲ್ಲ. ಒಂದು ಸಲ ಹತ್ತಿ ಆ ಗಂಟಿನ ಮೇಲೆ ಕೈಯಿಟ್ಟು ನೋಡು ಎಂದೆ. ಅವನು ಹತ್ತಿದ. ಬಹಳ ಹೊತ್ತು ಇಳಿಯಲಿಲ್ಲ.

ಅಷ್ಟರಲ್ಲಿ ಮಿಸೆಸ್ ಕಾರ್ಟರ್ ಕುತೂಹಲ ತಡೆಯಲಾರದೆ ಹೊರಗೆ ಬಂದರು. ಇದರ ಕೊಂಬೆ ಯಾರಾದರೂ ಕಡಿಯುತ್ತಿದ್ದರೇ ಎಂದು ಕೇಳಿದೆ. ತಾವು ಸೊಸೆಯಾಗಿ ಬಂದ ಹೊಸತರಲ್ಲಿ ಮಾವ ಒಮ್ಮೆ ಎಲ್ಲ ಕಡಿದು ಬೇಲಿಗೆ, ಬೀನ್ಸ್ ಬಳ್ಳಿ ಹಬ್ಬಿಸುವುದಕ್ಕೆ ಕೋಲು ಮಾಡಿದ್ದು ನೆನಪಿದೆ ಎಂದರು. ಗಂಡನಿಗೆ ಕಚೇರಿ ಕೆಲಸ, ಆಮೇಲೆ ಯಾರೂ ಹತ್ತಲಿಲ್ಲವಂತೆ. ಮರದ ಮೇಲಿದ್ದ ಅಲನ್‌ಗೂ ಇದು ಕೇಳಿಸಿತು.

ಮುಂದಿನ ಸಭೆಯಲ್ಲಿ ಅವನು ಎದ್ದು ನಿಂತು, ಮರದ ತಲೆ ಕಡಿಯಲು ತಾನೇ ಶಿಫಾರಸು ಮಾಡುತ್ತೇನೆ ಎಂದ. ಕಿವಿ ಕೆಂಪಾಗಿತ್ತು, ಧ್ವನಿ ಮಾತ್ರ ಗಟ್ಟಿಯಿತ್ತು. ಹಿಂದೆ ಕೂತ ಇಬ್ಬರು ಸಹೋದ್ಯೋಗಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಿಟಿ ಒಪ್ಪಿ ಒಂದು ಷರತ್ತು ಹಾಕಿತು. ಬೇಸಿಗೆಯೊಳಗೆ ಚಿಗುರದಿದ್ದರೆ ಬುಡಸಮೇತ ತೆಗೆಯುವುದು.

ಬೋಳು

ಕಡಿದ ದಿನ ನಾನು ಕೆಳಗಿನಿಂದ ಹಗ್ಗ ಹಿಡಿದಿದ್ದೆ. ಅಲನ್ ಮೇಲಿನಿಂದ ಒಂದೊಂದೇ ಕೊಂಬೆಯನ್ನು ಕೂಸು ಇಳಿಸಿದಂತೆ ಇಳಿಸಿದ. ಟೊಮೇಟೊ ಯಜಮಾನರ ಒಂದು ಗಾಜೂ ಒಡೆಯಲಿಲ್ಲ, ಅವರು ಮೊದಲ ಸಲ ನನಗೆ ಗುಡ್ ಆಫ್ಟರ್‌ನೂನ್ ಹೇಳಿದರು. ನಮ್ಮಲ್ಲಿ ಕೊಂಬೆ ನೆಲಕ್ಕೆ ಬೀಳುವ ಮೊದಲೇ ಅರ್ಧ ಬೀದಿ ಸೇರಿ, ಸೊಪ್ಪು ಮೇಕೆಗೆ, ಕಡ್ಡಿ ಒಲೆಗೆ ಎಂದು ಹೊತ್ತುಕೊಂಡು ಹೋಗಿ ಜಾಗ ಗುಡಿಸಿದ ಹಾಗಿರುತ್ತದೆ. ಇಲ್ಲಿ ಎಲ್ಲವನ್ನೂ ರಾಶಿ ಹಾಕಿ ಬೆಂಕಿ ಕೊಟ್ಟರು. ಯಾರ ಒಲೆಗೂ ಹೋಗದೆ ಉರಿಯುವ ಸೌದೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹೊಟ್ಟೆ ಉರಿಯಿತು. ಬರೀ ಹೊಗೆ ಎಂದು ನೀವೇ ಹೇಳಿದ್ದಿರಲ್ಲ ಎಂದು ಅಲನ್ ಕಣ್ಣುಜ್ಜಿಕೊಳ್ಳುತ್ತ ಹೇಳಿದ.

ಹೊಗೆ ಕರಗಿದ ಮೇಲೆ ನೋಡಿದೆವು. ಅಷ್ಟು ದೊಡ್ಡ ಮರದಲ್ಲಿ ಉಳಿದದ್ದು ಒಂದು ಮೋಟು ಕಾಂಡ, ಅದರ ಮೇಲೆ ನಾಲ್ಕಾರು ಮುಷ್ಟಿ. ಚಿಗುರುತ್ತದೆ, ಖಂಡಿತ ಚಿಗುರುತ್ತದೆ ಎಂದು ಮಿಸೆಸ್ ಕಾರ್ಟರ್ ಅವರಿಗೆ ಮತ್ತೆ ಮತ್ತೆ ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಅಡುಗೆ ಮನೆಯ ಕಿಟಕಿಯ ಪರದೆ ಎಳೆದರು. ಮರುದಿನವೂ ಅದನ್ನು ತೆಗೆಯಲಿಲ್ಲ. ಹಗಲಲ್ಲೇ ದೀಪ ಹಾಕಿಕೊಂಡು ಅಡುಗೆ ಮಾಡಿದರು.

ಮಾರ್ಚ್ ಹೀಗೇ ಕಳೆಯಿತು. ಏಪ್ರಿಲ್‌ನಲ್ಲಿ ರಸ್ತೆಯ ಮರಗಳು ಒಂದೊಂದಾಗಿ ಹಸಿರಾಗತೊಡಗಿದವು. ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹಿತ್ತಲಿಗೆ ಹೋಗಿ ಕತ್ತೆತ್ತಿ ನೋಡಿ ಬರುತ್ತಿದ್ದೆ. ಅಲನ್ ಮುಂದೆ ಧೈರ್ಯದ ಮಾತಾಡುತ್ತಿದ್ದೆ, ಒಳಗೆ ಪುಕಪುಕ. ಹೊಂಗೆ ಹೊಂಗೆಯೇ, ವಿಲೋ ವಿಲೋವೇ. ಹೆಸರಘಟ್ಟದ ಬಿಸಿಲೆಲ್ಲಿ, ಈ ಊರಿನ ಮಂಜೆಲ್ಲಿ. ಮುದುಕಿಯ ಕಣ್ಣೆದುರಿಗಿದ್ದ ಒಂದೇ ಆಸರೆಯನ್ನು ನನ್ನ ಹುಂಬತನಕ್ಕೆ ಕೊಂದೆನೇ ಎಂದು ನಿಜವಾಗಿಯೂ ಭಯವಾಗುತ್ತಿತ್ತು. ನಮಾಜಿನಲ್ಲಿ ನಾನು ಮಕ್ಕಳಿಗಾಗಿ ಬೇಡಿದ್ದಿದೆ, ಅಬ್ಬಾನ ಕೆಮ್ಮಿಗಾಗಿ ಬೇಡಿದ್ದಿದೆ. ಒಂದು ಮರಕ್ಕಾಗಿ ಬೇಡಿಕೊಂಡದ್ದು ಅದೇ ಮೊದಲು.

ಹೊರಡುವ ಬೆಳಿಗ್ಗೆ

ಏಪ್ರಿಲ್ ಕೊನೆಯಲ್ಲಿ ನನ್ನ ತರಬೇತಿ ಮುಗಿಯಿತು. ಹೊರಡುವ ಬೆಳಿಗ್ಗೆ ನಾನು ಪೆಟ್ಟಿಗೆ ಬಿಗಿಯುವ ಗಡಿಬಿಡಿಯಲ್ಲಿ ಹಿತ್ತಲಿಗೆ ಹೋಗಿರಲಿಲ್ಲ. ಕೆಳಗಿನಿಂದ ಮಿಸೆಸ್ ಕಾರ್ಟರ್ ನನ್ನ ಹೆಸರು ಹಿಡಿದು ಕೂಗಿದರು. ಇಳಿದು ಬಂದರೆ ಅಡುಗೆ ಮನೆಯ ಪರದೆ ತೆಗೆದಿತ್ತು. ಅವರು ಮನೆಯ ಚಪ್ಪಲಿಯಲ್ಲೇ ಒದ್ದೆ ಹುಲ್ಲಿನ ಮೇಲೆ ಹೋಗಿ ಮರದ ಕೆಳಗೆ ನಿಂತಿದ್ದರು. ಅವರಿಗೆ ಹಿಂದಿನ ಸಂಜೆಯೇ ಅನುಮಾನ ಬಂದಿತ್ತಂತೆ, ಕನ್ನಡಕ ಮೋಸ ಮಾಡುತ್ತಿರಬಹುದು ಎಂದು ಹೇಳಿರಲಿಲ್ಲವಂತೆ.

ಕತ್ತೆತ್ತಿ ನೋಡಿದೆ. ಒಂದು ಮುಷ್ಟಿಯ ಸಂದಿನಲ್ಲಿ ಕೆಂಪು ಹಸಿರು ಮೊಳಕೆ. ಪಕ್ಕದ ಮುಷ್ಟಿಯಲ್ಲೂ. ಹಿಂದೆ, ನಾನು ಒಂದು ದಿನವೂ ಹೋಗಿ ನೋಡದ ಹಳ್ಳದ ಬದಿಗೆ ಹೋದರೆ ಅಲ್ಲಂತೂ ಉಗುರುದ್ದ ಚಿಗುರು ಗೊಂಚಲು ಗೊಂಚಲಾಗಿ ಎದ್ದಿತ್ತು. ಅಲ್ಹಮ್ದುಲಿಲ್ಲಾ ಎಂದು ಹೇಳಿ ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಡಲು ಅಲನ್ ಬಂದ. ಅವನು ನೋಡಿ, ತೊಗಟೆಯನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ಎರಡು ಸಲ ತಟ್ಟಿದ.

ಇದನ್ನು ಮತ್ತೆ ಯಾವಾಗ ಕಡಿಯಬೇಕು ಎಂದು ಮಿಸೆಸ್ ಕಾರ್ಟರ್ ಕೇಳಿದರು. ಏಳೆಂಟು ವರ್ಷಕ್ಕೆ, ಬಿಟ್ಟರೆ ಮತ್ತೆ ತಲೆಭಾರವಾಗುತ್ತದೆ ಎಂದೆ. ಹಾಗಾದರೆ ಅದನ್ನು ಆಜ್ಞೆಯಲ್ಲೇ ಬರೆಸುತ್ತೇನೆ ಎಂದ ಅಲನ್. ಕಡಿಯಬಾರದು ಎಂಬ ಆಜ್ಞೆಯೊಳಗೆ ಕಡಿಯತಕ್ಕದ್ದು ಎಂದು ಬರೆಸುವುದು, ಇದನ್ನು ನಮ್ಮ ಆಫೀಸಿನಲ್ಲಿ ಹೇಗೆ ವಿವರಿಸಲಿ ಎಂದುಕೊಂಡೆ. ಕಡಿಯುವವರು ಯಾರು ಎಂದು ಮಿಸೆಸ್ ಕಾರ್ಟರ್ ಕೇಳಿದಾಗ ಅವನು, ನಾನೇ ಎಂದ.

ಮಿಸೆಸ್ ಕಾರ್ಟರ್ ಅವನ ಕಡೆ ತಿರುಗಿ, ಹಾಲಿನವನಿಗೆ ನಾಳೆಯ ಹಾಲು ಹೇಳುವಷ್ಟೇ ಸರಾಗವಾಗಿ ಹೇಳಿದರು:

“ಆಗ ನಾನು ಇರೋದಿಲ್ಲ. ಆದರೆ ಆ ಕಿಟಕೀಲಿ ಯಾರಾದರೂ ನಿಂತಿರ್ತಾರೆ. ಕಡಿಯೋ ಮುಂಚೆ ಅವರಿಗೆ ಹೇಳಿ, ಇದು ಚಿಗುರುತ್ತೆ ಅಂತ. ಇವರು ನನಗೆ ಹೇಳಿದ್ರು, ನಾನು ನಂಬಲಿಲ್ಲ. ನೀವು ಅವರು ನಂಬೋ ಹಾಗೆ ಹೇಳಿ.”